ನಾನು ಆಯಿಲ್ ಕೂಲರ್ ಬಿಚ್ಚಿದ ಭಾನುವಾರ

ಈ ಸಂಗತಿಯನ್ನು ಬರೆಯಬೇಕೆಂದು ನಾಲ್ಕು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ, ನಾಲ್ಕು ವರ್ಷದಿಂದ ಮುಂದೂಡುತ್ತಲೂ ಇದ್ದೇನೆ. ಮೊದಲನೆಯ ವರ್ಷ ಕನ್ನಡಕದ ನಂಬರು ಸರಿಯಿರಲಿಲ್ಲ. ಎರಡನೆಯ ವರ್ಷ ಕನ್ನಡಕ ಸರಿಹೋಯಿತು, ಆದರೆ ನಮ್ಮ ಬಿಲ್ಡಿಂಗಿಗೆ ಬಣ್ಣ ಬಳಿಯುವವರು ಬಂದು ದಿನವಿಡೀ ನನ್ನ ಕಿಟಕಿಯ ಹೊರಗೆ ಹಗ್ಗದಲ್ಲಿ ತೂಗುತ್ತಾ ಹಾಡುತ್ತಿದ್ದರು. ಪ್ರೇಮಗೀತೆ ಕೇಳಿಕೊಂಡು ಪಶ್ಚಾತ್ತಾಪ ಪಡುವುದು ನನ್ನಿಂದಾಗದು. ಮೂರನೆಯ ವರ್ಷ ಮಂಡಿ ನೋವು. "ಮಂಡಿಯಲ್ಲಿ ಬರೆಯುವುದಾ ನೀವು?" ಎಂದು ಹೆಂಡತಿ ಕೇಳಿದಳು. ತಪ್ಪು ಮಾಡುವಾಗ ನನಗೆ ಕನ್ನಡಕ ಬೇಕಾಗಿರಲಿಲ್ಲ, ನಿಶ್ಶಬ್ದ ಬೇಕಾಗಿರಲಿಲ್ಲ, ಮಂಡಿಯ ನೆನಪೇ ಇರಲಿಲ್ಲ. ಪಾರ್ಕಿಂಗಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅರ್ಧ ಗಂಟೆಯಲ್ಲಿ ಮುಗಿಸಿದ್ದೆ. ಒಪ್ಪಿಕೊಳ್ಳುವುದಕ್ಕೆ ಮಾತ್ರ ಮನುಷ್ಯನಿಗೆ ಇಷ್ಟೆಲ್ಲ ಸೌಕರ್ಯ ಬೇಕು ಎಂಬುದನ್ನು ನೆನೆದರೆ ಇಡೀ ಮನುಷ್ಯಜಾತಿಯ ಮೇಲೆ ಸಿಟ್ಟು ಬರುತ್ತದೆ. ಸಿಟ್ಟು ನನಗೆ ಹೊಸದಲ್ಲ. ಲೋಕಲ್ ರೈಲು ಎರಡು ನಿಮಿಷ ತಡವಾದರೆ ಸಿಟ್ಟು. ಸರಿಯಾದ ಹೊತ್ತಿಗೆ ಬಂದು ನನ್ನನ್ನು ಬಿಟ್ಟು ಹೋದರೆ ಇನ್ನೂ ಸಿಟ್ಟು.

ಸಂಗತಿ ನನ್ನ ಮೋಟಾರ್ ಸೈಕಲ್ಲಿನದು. ಮುಂಬಯಿಯ ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಅದರ ವಯಸ್ಸಿನ ವಸ್ತು ಇನ್ನೊಂದಿದ್ದರೆ ಅದು ನಾನು. ಒಂಟಿ ಸಿಲಿಂಡರಿನ, ಕಬ್ಬಿಣದ ಮೈಯ, ಒದ್ದರೆ ಮಾತ್ರ ಎಚ್ಚರವಾಗುವ ಗಾಡಿ. ಈಗಿನವರು ಇದನ್ನು ವಿಂಟೇಜ್ ಎನ್ನುತ್ತಾರೆ. ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದಕ್ಕೆ ಒರಗಿಕೊಂಡು ನಿಂತಿರುವ ನನಗೆ "ಅಂಕಲ್, ಜರಾ ಸೈಡ್" ಎನ್ನುತ್ತಾರೆ. ಹಳೆಯ ಕಬ್ಬಿಣಕ್ಕೆ ಇರುವ ಮರ್ಯಾದೆ ಹಳೆಯ ಮನುಷ್ಯನಿಗೆ ಇಲ್ಲದ ಈ ಕಾಲದ ಬಗ್ಗೆ ನನಗೆ ಬೇರೆಯೇ ಒಂದು ಲೇಖನ ಬರೆಯುವಷ್ಟು ಕೋಪವಿದೆ. ಈಗ ಬೇಡ. ಇದೂ ಮುಂದೂಡುವ ಒಂದು ಉಪಾಯವೇ ಎಂದು ಹೆಂಡತಿ ಹೇಳುತ್ತಾಳೆ.

ನಾನು ಪರೇಲಿನ ಒಂದು ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಮೂವತ್ತೆಂಟು ವರ್ಷ ದುಡಿದವನು. ಹಗಲು ವಡೆ ಕರಿದು, ಸಂಜೆ ಶಾಲೆಗೆ ಹೋಗಿ ಹತ್ತನೆಯ ತರಗತಿ ಮುಗಿಸಿದೆ. ಕೊನೆಗೆ ಅಡುಗೆಮನೆಗೆಲ್ಲ ಯಜಮಾನನಾದೆ. ಗಿರಣಿಗಳಿದ್ದ ಕಾಲದಲ್ಲಿ ಒಂದು ಗಿರಣಿಯ ಬಾಯ್ಲರ್ ನೋಡಿಕೊಳ್ಳುವ ಮನುಷ್ಯ ದಿನಾ ನಮ್ಮಲ್ಲಿಗೆ ತಿಂಡಿಗೆ ಬರುತ್ತಿದ್ದ. ಆಯುಷ್ಯವೆಲ್ಲ ಬೆಂಕಿಯ ಮುಂದೆ ಕಳೆದು ಅವನಿಗೆ ಬಿಸಿ ಎಂದರೆ ಹೆದರಿಕೆ ಹುಟ್ಟಿತ್ತು. ಹಬೆಯಾಡುವ ಇಡ್ಲಿಯನ್ನು ಫ್ಯಾನಿನ ಕೆಳಗಿಟ್ಟು ಅದು ತಣಿಯುವವರೆಗೆ ಅನುಮಾನದಿಂದ ನೋಡುತ್ತಿದ್ದ. ಗಿರಣಿ ಮುಚ್ಚಿ ಅವನು ಊರಿಗೆ ಹೊರಟಾಗ ಅವನ ಈ ಗಾಡಿ ನನ್ನ ಪಾಲಿಗೆ ಬಂತು. ಅದರ ಜೊತೆಗೆ, ಅವನು ಎಲ್ಲಿಂದಲೋ ತಂದು ಕೂಡಿಸಿದ್ದ ಆಯಿಲ್ ಕೂಲರೂ ಬಂತು.

ಆಯಿಲ್ ಕೂಲರ್ ಎಂದರೆ ಏನೆಂದು ಗೊತ್ತಿಲ್ಲದ ಪುಣ್ಯವಂತರಿಗೆ ಹೇಳುತ್ತೇನೆ. ಅಂಗೈಯಗಲದ, ಬಾಚಣಿಗೆಯಂತೆ ಹಲ್ಲುಗಳಿರುವ ಒಂದು ಅಲ್ಯೂಮಿನಿಯಂ ಡಬ್ಬಿ. ಎಂಜಿನ್ನಿನ ಕೆಳಗಿನಿಂದ ಬಿಸಿ ಎಣ್ಣೆ ಒಂದು ರಬ್ಬರ್ ಪೈಪಿನಲ್ಲಿ ಅದರೊಳಕ್ಕೆ ಬರುತ್ತದೆ, ಅಲ್ಲಿ ಸುತ್ತಾಡಿ ಗಾಳಿಗೆ ತಣಿಯುತ್ತದೆ, ಇನ್ನೊಂದು ಪೈಪಿನಲ್ಲಿ ಎಂಜಿನ್ನಿನ ತಲೆಗೆ ಏರುತ್ತದೆ. ಗಾಡಿಯನ್ನು ಮಾಡಿದವರು ಇದನ್ನು ಇಟ್ಟಿರಲಿಲ್ಲ, ಬಾಯ್ಲರಿನವನು ಇಟ್ಟ. ಎಣ್ಣೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬಾಣಲೆಗೆ ಬೆನ್ನು ಹಾಕಿ ನಿಂತು, ವಡೆ ಬಿದ್ದ ಸದ್ದಿನಿಂದಲೇ ಎಣ್ಣೆ ಎಷ್ಟು ಕಾದಿದೆಯೆಂದು ಹೇಳುತ್ತಿದ್ದವನು ನಾನು. ತಣ್ಣಗಿನ ಎಣ್ಣೆಗೆ ಬಿಟ್ಟ ವಡೆ ಎಣ್ಣೆ ಕುಡಿದು ಒದ್ದೆ ಸ್ಪಂಜಾಗುತ್ತದೆ. ಎಣ್ಣೆಯನ್ನು ಕಾಯಿಸಲು ಮನುಷ್ಯರು ಇಷ್ಟು ಕಷ್ಟಪಡುವಾಗ, ಅದನ್ನು ತಣಿಸುವುದಕ್ಕೆಂದೇ ಒಂದು ಯಂತ್ರವನ್ನು ಕಂಡುಹಿಡಿದವನ ಮೇಲೆ ನನಗೆ ಮೊದಲ ದಿನದಿಂದಲೇ ಕೋಪವಿತ್ತು.

ಆದರೂ ವರ್ಷಗಟ್ಟಲೆ ಅದನ್ನು ಸಹಿಸಿಕೊಂಡೆ. ಆಮೇಲೆ ಅದು ಸೋರತೊಡಗಿತು. ಸೋರಿದ್ದೂ ಸರಿಯಾಗಿ ಸೊಸೈಟಿಯವರು ಪಾರ್ಕಿಂಗಿಗೆ ಹೊಸ ಟೈಲ್ಸ್ ಹಾಕಿಸಿದ ತಿಂಗಳು. ನಮ್ಮ ಸೊಸೈಟಿಯ ಸೆಕ್ರೆಟರಿ ಮರಾಠಿಯವರು, ಬಹಳ ಶಿಸ್ತಿನ ಮನುಷ್ಯ. "ಕಾಕಾ, ಕಿತೀ ವೇಳಾ ಸಾಂಗೂ? ಟೈಲ್ಸ್ ನವೀನ್ ಆಹೇತ್!" ಎಷ್ಟು ಸಲ ಹೇಳಲಿ, ಟೈಲ್ಸ್ ಹೊಸತು ಎಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೇಳುತ್ತಿದ್ದರು. ಒಂದು ದಿನ ನೋಡಿದರೆ ನೆಲದ ಮೇಲಿನ ಪ್ರತಿಯೊಂದು ಎಣ್ಣೆ ಹನಿಯ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾರೀಖು ಬರೆದಿದ್ದರು, ಕೊಲೆಯಾದ ಜಾಗದಲ್ಲಿ ಪೊಲೀಸರು ಬರೆಯುವ ಹಾಗೆ. ನಾನು ಮನೆಯಿಂದ ಒಂದು ಇಡ್ಲಿ ತಟ್ಟೆ ತಂದು ಕೂಲರಿನ ಕೆಳಗಿಟ್ಟೆ. ಅದರ ನಾಲ್ಕು ಗುಳಿಗಳಲ್ಲಿ ಹನಿ ನಿಲ್ಲುತ್ತಿತ್ತು. ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಹೆಂಡತಿಯ ದನಿ ಕೇಳಿತು: "ಮೂರೇ ತಟ್ಟೆ ಉಂಟಲ್ಲ! ನಾಲ್ಕನೆಯದು ಎಲ್ಲಿಗೆ ಹೋಯಿತು ಮಾರಾಯ್ರೆ?" ಹೊರಗೆ ಸೆಕ್ರೆಟರಿ, ಒಳಗೆ ಹೆಂಡತಿ. ನಡುವೆ ಒಂದು ಡಬ್ಬಿಗಾಗಿ ನಾನು.

ಗಾಡಿಯನ್ನು ಹದಿನೆಂಟು ವರ್ಷದಿಂದ ನೋಡಿಕೊಂಡು ಬಂದವನು ಸ್ಟೇಷನ್ನಿನ ಆಚೆ ಬದಿಯ ಗಲ್ಲಿಯ ಮಿಸ್ತ್ರಿ. ಬಿಜಾಪುರದ ಕಡೆಯವನು. ಕಟ್ಟಡದ ಕೂಲಿಗೆಂದು ಮುಂಬಯಿಗೆ ಬಂದು, ಯಾರದೋ ಗ್ಯಾರೇಜಿನಲ್ಲಿ ಕೆಲಸ ಕಲಿತು, ಕೊನೆಗೆ ತನ್ನದೇ ಒಂದು ಶಟರ್ ತೆರೆದವನು. ನಮ್ಮ ಊರ ಕಡೆಯವರ ಹೋಟೆಲುಗಳಿಂದ ಪಾರ್ಸೆಲ್ ಒಯ್ಯುವ ಗಾಡಿಗಳೆಲ್ಲ ಅವನ ಹತ್ತಿರವೇ ಹೋಗುತ್ತಿದ್ದವು. ಅವನ ಅನ್ನ ಬಹುಮಟ್ಟಿಗೆ ಅವುಗಳದ್ದೇ. ನನ್ನ ಗಾಡಿಯ ಎಂಜಿನ್ನಿನ ತಲೆ ಬಿಚ್ಚಿ ಎಲ್ಲ ಸರಿಮಾಡಿ ಕೊಟ್ಟು ಎರಡು ವಾರವಾಗಿತ್ತಷ್ಟೆ. ನಾನು ಹೋಗಿ ಸೀಮೆಸುಣ್ಣದ ಕಥೆ ಹೇಳಿದೆ. ಅವನು ನಕ್ಕ.

"ಆ ಬಾಯ್ಲರ್ ಮನಷ್ಯಾ ಸುಮ್ನ ಹಚ್ಚ್ಯಾನ್ರಿ ರಾಯರ. ಈ ಗಾಡಿಗಿ ಇದು ಬೇಕಾಗೇ ಇಲ್ಲ. ತಗದು ಒಗಿಯೂಣು."

"ಹಾಗಾದರೆ ಈಗಲೇ ತೆಗಿ ಮಾರಾಯ."

"ಈಗ ಬ್ಯಾಡ್ರಿ. ತಗದ ಮ್ಯಾಲ ಈ ಎರಡೂ ಪೈಪ ಒಂದಕ್ಕೊಂದು ಕೂಡಸಬೇಕು. ಇಲ್ಲಾಂದ್ರ ತಲಿಗಿ ಎಣ್ಣಿ ಏರೂದಿಲ್ಲ. ಅಳತಿ ಪೈಪ ಗುರುವಾರ ಬರ್ತೈತಿ. ಅಲ್ಲೀತನಕಾ ನೀವು ಅದಕ್ಕ ಕೈ ಹಚ್ಚಬ್ಯಾಡ್ರಿ."

ಇಷ್ಟು ಸ್ಪಷ್ಟವಾಗಿ ಹೇಳಿದ. ಪೈಪುಗಳನ್ನು ಎರಡು ಬೆರಳು ಸೇರಿಸಿ ತೋರಿಸಿಯೂ ಹೇಳಿದ. ಎಲ್ಲವೂ ನನ್ನ ಕಿವಿಗೆ ಬಿತ್ತು. ಆದರೆ ಒಳಗೆ ಇಳಿದದ್ದು "ಗುರುವಾರ" ಎಂಬುದೊಂದೇ. ಅವತ್ತು ಶನಿವಾರ. ಒಂದು ಗೇಣುದ್ದದ ಪೈಪಿಗೆ ಐದು ದಿನವೇ? ನಾನು ಅಡುಗೆಮನೆ ನಡೆಸುತ್ತಿದ್ದಾಗ ಗಿರಾಕಿ ಕೂತು ಐದು ನಿಮಿಷದಲ್ಲಿ ದೋಸೆ ಬರದಿದ್ದರೆ ದೋಸೆ ಹೊಯ್ಯುವವನ ವಂಶವನ್ನೇ ಜಾಲಾಡುತ್ತಿದ್ದೆ. ದಾರಿಯುದ್ದಕ್ಕೂ ಕುದಿಯುತ್ತಾ ಮನೆಗೆ ಬಂದೆ.

ಮರುದಿನ ಭಾನುವಾರ ಬೆಳಿಗ್ಗೆ ತಟ್ಟೆಯ ಆಚೆ ನೆಲದ ಮೇಲೆ ಇನ್ನೂ ಮೂರು ಸೀಮೆಸುಣ್ಣದ ವೃತ್ತಗಳು. ಸಾಕು ಎನಿಸಿತು. ಸ್ಪ್ಯಾನರ್ ತಂದು ಕೂತೆ. ಡಬ್ಬಿಯನ್ನು ಬಿಚ್ಚುವುದು ಕಷ್ಟವಾಗಲಿಲ್ಲ. ಬಿಚ್ಚಿದ ಮೇಲೆ ಎರಡು ರಬ್ಬರ್ ಪೈಪುಗಳು ಬಾಯಿ ತೆರೆದುಕೊಂಡು ನೇತಾಡಿದವು. ಅವನ್ನು ನೋಡಿದ ಕೂಡಲೇ ನನ್ನ ಮೂವತ್ತೆಂಟು ವರ್ಷದ ಅನುಭವ ಜಾಗೃತವಾಯಿತು. ಹೋಟೆಲಿನ ಅಡುಗೆಮನೆಯಲ್ಲಿ ಒಂದು ಕಾನೂನು ಉಂಟು: ಗ್ಯಾಸಿನ ಒಲೆಯೊಂದನ್ನು ತೆಗೆದರೆ ಬೇರೆ ಯಾವ ಕೆಲಸಕ್ಕೂ ಮೊದಲು ಅದರ ಪೈಪಿನ ಬಾಯಿ ಮುಚ್ಚಬೇಕು. ಹಿತ್ತಾಳೆಯ ಬಿರಡೆ ತುರುಕಿ, ಕ್ಲಿಪ್ ಬಿಗಿದು, ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಈ ಕಾನೂನನ್ನು ಎಷ್ಟು ಜನರ ತಲೆಗೆ ಕುಟ್ಟಿದ್ದೆನೋ ಲೆಕ್ಕವಿಲ್ಲ. ನಿವೃತ್ತನಾದಾಗ ಅಂಥ ಕೆಲವು ಬಿರಡೆಗಳು ನೆನಪಿಗೆಂದು ನನ್ನ ಪೆಟ್ಟಿಗೆಯಲ್ಲಿ ಬಂದಿದ್ದವು. ಎರಡು ತೆಗೆದೆ. ಎರಡು ಬಾಯಿಗೂ ತುರುಕಿದೆ. ಕ್ಲಿಪ್ ಬಿಗಿದೆ. ಸಾಬೂನು ನೊರೆಯನ್ನೂ ಹಚ್ಚಿದೆ. ಒಂದೇ ಒಂದು ಗುಳ್ಳೆ ಇಲ್ಲ! ಸೆಕ್ರೆಟರಿ ಬಂದು ಒಣಗಿದ ನೆಲವನ್ನು ಬಗ್ಗಿ ನೋಡಿ "ವಾ ಕಾಕಾ!" ಎಂದರು. ಗುರುವಾರದ ಮಿಸ್ತ್ರಿಗಳನ್ನು ನಂಬಿ ಕೂತರೆ ಆಗುವುದೇ ಎಂದು ಅವರಿಗೆ ಹಿಂದಿಯಲ್ಲಿ ಚಿಕ್ಕದೊಂದು ಉಪನ್ಯಾಸವನ್ನೂ ಕೊಟ್ಟೆ.

ಸೋಮವಾರ ಪರೇಲಿನಲ್ಲಿ ಹಳೆಯ ಗೆಳೆಯನ ಮೊಮ್ಮಗಳ ನಾಮಕರಣವಿತ್ತು. ಇಸ್ತ್ರಿ ಅಂಗಿ ತೊಟ್ಟು ಗಾಡಿ ಹತ್ತಿದೆ. ಭಾಂಡುಪ್ ದಾಟುವಾಗ ಎಂಜಿನ್ನಿನ ತಲೆಯಿಂದ ಟಕಟಕ ಎಂಬ ಸದ್ದು. ಹಳೆಯ ಗಾಡಿ ಮಾತಾಡುತ್ತದೆ, ಆಡಲಿ ಎಂದುಕೊಂಡೆ. ಪ್ರತಿ ಸಿಗ್ನಲಿನಲ್ಲೂ ಕೆಳಗೆ ಬಗ್ಗಿ ನೋಡುತ್ತಿದ್ದೆ. ಒಂದು ಹನಿ ಇಲ್ಲ, ಪರಮಾನಂದ. ವಿಕ್ರೋಲಿಯ ಹತ್ತಿರ ಒಂದು ವಾಸನೆ ಬಂತು. ಆ ವಾಸನೆ ನನಗೆ ಗೊತ್ತಿತ್ತು. ಎಣ್ಣೆ ಹಾಕದೆ ಒಲೆಯ ಮೇಲೆ ಮರೆತ ಬಾಣಲೆಯ ವಾಸನೆ. ಪಕ್ಕದ ರಿಕ್ಷಾದಲ್ಲಿ ಯಾರೋ ಖಾಲಿ ಬಾಣಲೆ ಕಾಯಿಸುತ್ತಿದ್ದಾರೋ ಎಂಬಂತೆ ಆಚೀಚೆ ನೋಡಿದೆನೇ ಹೊರತು ನನ್ನ ಎಂಜಿನ್ನನ್ನು ನೋಡಲಿಲ್ಲ. ಕಿರ್ರ್ ಎಂದಿತು ಎಂಜಿನ್ನು, ನಿಂತಿತು. ಒದ್ದರೆ ಕಾಲಿಗೇ ನೋವು.

ಟೆಂಪೋದಲ್ಲಿ ಗಾಡಿಯೊಂದಿಗೆ ಮನೆಗೆ ಬಂದೆ. ನಾಮಕರಣದ ಊಟ ತಪ್ಪಿತ್ತು. ಹಸಿದ ಹೊಟ್ಟೆ, ಸುಟ್ಟ ಎಂಜಿನ್ನು. ಎರಡು ವಾರದ ಹಿಂದೆ ತಲೆ ಬಿಚ್ಚಿದವನು ಯಾರು? ಮಿಸ್ತ್ರಿ. ಹಾಗಿದ್ದರೆ ತಪ್ಪು ಯಾರದು? ಇಷ್ಟು ಸಾಕಾಯಿತು. ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹೋಟೆಲಿನವರೆಲ್ಲ ಇದ್ದಾರೆ. ಅದರಲ್ಲಿ ಬರೆಯಲು ಕೂತೆ. ಕನ್ನಡಕದ ನಂಬರು ತೊಂದರೆ ಕೊಡಲೇ ಇಲ್ಲ. "ಸಹೃದಯ ಬಂಧುಗಳೇ, ಯಾವ ಕೈ ಯಂತ್ರಕ್ಕೆ ಜೀವ ತುಂಬಬೇಕೋ ಅದೇ ಕೈ ಅದರ ಕೊರಳು ಹಿಸುಕಿದರೆ ನಾವು ಯಾರನ್ನು ನಂಬೋಣ?" ಎಂದು ಶುರುಮಾಡಿ ನಾಲ್ಕು ಪ್ಯಾರಾ ಬರೆದೆ. ಗಾಡಿಯ ಫೋಟೋ ಹಾಕಿದೆ. ಕೂಡಲೇ ಹೆಬ್ಬೆರಳುಗಳು, ಕೈಮುಗಿದ ಚಿತ್ರಗಳು. "ರಾಯರೇ, ಎಂಥ ಭಾಷೆ! ನೀವು ಬರೆಯಬೇಕಿತ್ತು" ಎಂದರು ಒಬ್ಬರು. "ಯಾವ ಮಿಸ್ತ್ರಿ?" ಎಂದರು ಇನ್ನೊಬ್ಬರು. "ಸ್ಟೇಷನ್ ಆಚೆಯ ಬಿಜಾಪುರದ ಮಿಸ್ತ್ರಿ" ಎಂದೆ. ನನ್ನ ಬರವಣಿಗೆಗೆ ಜೀವಮಾನದಲ್ಲಿ ಸಿಕ್ಕ ಮೊದಲ ಚಪ್ಪಾಳೆ ಅದು. ಆ ಸಂಜೆ ಎರಡು ಸಲ ಓದಿಕೊಂಡೆ.

ಮಂಗಳವಾರ ಬೆಳಿಗ್ಗೆ ಮಿಸ್ತ್ರಿಯ ಫೋನ್ ಬಂತು. ಯಾರೋ ಅವನಿಗೂ ಅದನ್ನು ಕಳಿಸಿದ್ದರು. "ರಾಯರ, ಓದಿನ್ರಿ. ಗಾಡಿ ನೋಡಾಕ ಬರ್ತೀನಿ" ಎಂದನಷ್ಟೆ. ನಾನು ಕೆಳಗಿಳಿದು ಗಾಡಿಯ ಹತ್ತಿರ ಕಾದು ನಿಂತೆ. ಹೆಂಡತಿ ತನ್ನ ಇಡ್ಲಿ ತಟ್ಟೆ ಬಿಡಿಸಿಕೊಂಡು ಹೋಗಲು ಬಂದಳು. ಬಗ್ಗಿ ತಟ್ಟೆ ಎತ್ತುವಾಗ ಬಿರಡೆಗಳನ್ನು ನೋಡಿದಳು.

"ಈ ಎರಡು ಪೈಪಿಗೆ ಮುಚ್ಚಳ ಹಾಕಿದ್ದೀರಲ್ಲ, ಇದರಲ್ಲಿ ಎಂತ ಹೋಗುವುದು?"

"ಎಣ್ಣೆ."

"ಎಲ್ಲಿಗೆ?"

"ತಲೆಗೆ," ಎಂದೆ. ಎಂದವನು ಅಲ್ಲಿಯೇ ನಿಂತೆ. ಮಿಸ್ತ್ರಿ ಎರಡು ಬೆರಳು ಸೇರಿಸಿ ತೋರಿಸಿದ್ದು ಕಣ್ಣ ಮುಂದೆ ಬಂತು. ಎಣ್ಣೆ ಹೊರಗೆ ಸೋರದಂತೆ ನಾನು ಬಹಳ ಚೆನ್ನಾಗಿ ಮುಚ್ಚಿದ್ದೆ. ಒಳಗೆ ಏರದಂತೆಯೂ ಅಷ್ಟೇ ಚೆನ್ನಾಗಿ ಮುಚ್ಚಿದ್ದೆ. ಕೊರಳು ಹಿಸುಕಿದ ಕೈ ನನ್ನದೇ.

ಫೋನು ಜೇಬಿನಲ್ಲಿತ್ತು. "ತಪ್ಪಾಯಿತು, ನಾನೇ ಕೆಡಿಸಿದ್ದು" ಎಂದು ಗುಂಪಿನಲ್ಲಿ ಬರೆಯಲು ಅರ್ಧ ನಿಮಿಷ ಸಾಕಿತ್ತು. ಭಾಷೆಯ ಬೆಡಗೂ ಬೇಕಾಗಿರಲಿಲ್ಲ. ನಾನು ಏನು ಮಾಡಿದೆ ಗೊತ್ತೇ? ಮೇಲೆ ಓಡಿದೆ, ಮಂಡಿ ನೋವಿನ ಮನುಷ್ಯ ಎರಡೆರಡು ಮೆಟ್ಟಿಲು ಹಾರಿ ಓಡಿದೆ. ಹಳೆಯ ಸ್ಟವ್‌ನ ತಾಮ್ರದ ನಳಿಗೆಯ ತುಂಡೊಂದನ್ನು ತಂದೆ. ಬಿರಡೆಗಳನ್ನು ಕಿತ್ತು ಜೇಬಿಗೆ ಹಾಕಿ, ನಳಿಗೆಯ ಒಂದು ತುದಿಗೆ ಒಂದು ಪೈಪು, ಇನ್ನೊಂದು ತುದಿಗೆ ಇನ್ನೊಂದು ಪೈಪು ಸಿಕ್ಕಿಸಿ ಕ್ಲಿಪ್ ಬಿಗಿದೆ. ಭಾನುವಾರವೇ ಹೀಗೆ ಕೂಡಿಸಿದ್ದೆ ಎಂಬಂತೆ ಅದಕ್ಕೆ ಸ್ವಲ್ಪ ಧೂಳನ್ನೂ ಸವರಿದೆ. ಹೆಂಡತಿ ತಟ್ಟೆ ಹಿಡಿದುಕೊಂಡು ನೋಡುತ್ತಲೇ ಇದ್ದಳು.

"ಎಂತ ಮಾಡ್ತಾ ಇದ್ದೀರಿ ನೀವು?"

"ಸರಿ ಮಾಡ್ತಾ ಇದ್ದೇನೆ," ಎಂದೆ.

ಮಿಸ್ತ್ರಿ ಚೀಲ ಹಿಡಿದು ಬಂದ. ಸೆಕ್ರೆಟರಿಯೂ ಬಂದು ನಿಂತರು. ಅವನು ಗಾಡಿಯ ಮುಂದೆ ಕೂತು ಮೊದಲು ಆ ತಾಮ್ರದ ತುಂಡನ್ನೇ ನೋಡಿದ. ಕ್ಲಿಪ್ ಸಡಿಲಿಸಿ ಅದನ್ನು ಹೊರಗೆಳೆದ. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡಿದ. ಕಿರುಬೆರಳನ್ನು ತುದಿಗೆ ಹಾಕಿ ತಿರುಗಿಸಿದ. ಬೆರಳು ಶುಭ್ರವಾಗಿತ್ತು.

"ರಾಯರ," ಎಂದ ಮೆಲ್ಲಗೆ, "ನಳಗಿ ಒಣಗೈತಲ್ರೀ. ಎಣ್ಣಿ ಕಂಡೇ ಇಲ್ಲ ಇದು."

ಆಗ ನನಗೆ ಬಂದ ಸಿಟ್ಟನ್ನು ಏನೆಂದು ವರ್ಣಿಸಲಿ! ನಿಜ ಹೇಳಿದವನ ಮೇಲೆ ಬರುವ ಸಿಟ್ಟಿನಷ್ಟು ದೊಡ್ಡ ಸಿಟ್ಟು ಬೇರೆ ಇಲ್ಲ. "ಏನು, ನಾನು ಸುಳ್ಳ ಎನ್ನುತ್ತೀಯಾ? ನಿನ್ನಪ್ಪನ ವಯಸ್ಸಿನವನು ನಾನು! ಈ ಪೈಪು ಕೂಡಿಸಿಯೇ ಗಾಡಿ ಬಿಟ್ಟದ್ದು. ನಿನ್ನ ಕೆಲಸ ಕೆಟ್ಟದ್ದಕ್ಕೆ ನನ್ನ ನಳಿಗೆಯನ್ನು ದೂರುತ್ತೀಯಾ?" ಎಂದು ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗಿದೆ. ಕಿಟಕಿಗಳು ತೆರೆದವು. ಜೇಬಿನಲ್ಲಿ ಎರಡು ಬಿರಡೆಗಳು ಟಿಣ್ ಎಂದವು. ಅವನು ನನ್ನ ಹೆಂಡತಿಯ ಮುಖ ನೋಡಿದ. ಅವಳು ಇಡ್ಲಿ ತಟ್ಟೆಯ ಗುಳಿಗಳನ್ನು ನೋಡುತ್ತಿದ್ದಳು.

"ಆತು ಬಿಡ್ರಿ," ಎಂದು ಅವನು ಎದ್ದ. "ನಂದಽ ತಪ್ಪ ಅನ್ನೂಣು. ಗಾಡಿ ತಯಾರ ಮಾಡಿ ಕೊಡ್ತೀನಿ."

ಮಾಡಿಕೊಟ್ಟ. ಒಂಬತ್ತು ದಿನ ಕೂತು ಎಂಜಿನ್ನಿನ ತಲೆಯನ್ನು ಮತ್ತೆ ಸರಿಪಡಿಸಿದ. ಕೂಲರಿನ ಗೋಜಿಲ್ಲದೆ ಅಳತೆಯ ಪೈಪನ್ನು ಅಚ್ಚುಕಟ್ಟಾಗಿ ಕೂಡಿಸಿದ. ಇವತ್ತಿನವರೆಗೆ ಒಂದು ಹನಿ ಸೋರಿಲ್ಲ. ಆದರೆ ನನ್ನ ನಾಲ್ಕು ಪ್ಯಾರಾಗಳು ಊರೆಲ್ಲ ತಿರುಗುತ್ತಿದ್ದವು. ಮೊದಲು ಒಂದು ಹೋಟೆಲಿನ ಗಾಡಿಗಳು ಬೇರೆ ಗ್ಯಾರೇಜಿಗೆ ಹೋದವು, ಆಮೇಲೆ ಇನ್ನೊಂದರವು. ಎಂಟು ತಿಂಗಳಿಗೆ ಅವನ ಶಟರ್ ಬಿತ್ತು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಅವನು ಕಾಂದಿವಲಿಯ ಕೈಗಾರಿಕಾ ಎಸ್ಟೇಟಿನಲ್ಲಿ ಯಾರದೋ ಕೈಕೆಳಗೆ ದುಡಿಯುತ್ತಿದ್ದಾನೆಂದು ಕೇಳಿದೆ. ಹಿಂದೆಮುಂದೆ ವಿಚಾರಿಸದೆ, ಓದಿದ್ದನ್ನೆಲ್ಲ ನಂಬಿಬಿಡುವ ನಮ್ಮ ಹೋಟೆಲಿನವರ ಮೇಲೆ ನನಗೆ ವಿಪರೀತ ಕೋಪ ಬಂತು. "ಬರೆದವರು ಯಾರು?" ಎಂದು ಹೆಂಡತಿ ಒಮ್ಮೆ ಕೇಳಿದಳು. ಅವಳ ಮೇಲೂ ಬಂತು.

ಹೋದ ತಿಂಗಳು ಅವಳೇ ನನ್ನನ್ನು ಹೊರಡಿಸಿದಳು. "ಇವತ್ತು ಹೋಗಿ ಬನ್ನಿ. ದೊಡ್ಡ ಭಾಷಣ ಬೇಡ. ತಪ್ಪು ನನ್ನದು ಅಂತ ಎರಡೇ ಶಬ್ದ." ಮುಲುಂಡಿನಿಂದ ಕಾಂದಿವಲಿಗೆ ಆ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಹಿಡಿಯಿತು. ಹೆಲ್ಮೆಟ್ಟಿನೊಳಗೆ "ತಪ್ಪು ನನ್ನದು, ತಪ್ಪು ನನ್ನದು" ಎಂದು ಅಭ್ಯಾಸ ಮಾಡುತ್ತಾ ಹೋದೆ. ಗ್ಯಾರೇಜು ಸಿಕ್ಕಿತು. ಬಾಗಿಲಲ್ಲಿ ಕೂತ ಮಾಲೀಕನಿಗೆ ಮಿಸ್ತ್ರಿ ಬೇಕು ಎಂದೆ. "ಯಹಾಂ ಛೇ ಮಿಸ್ತ್ರಿ ಹೈ. ನಾಮ್ ಬೋಲೋ" ಎಂದ ಅವನು. ಇಲ್ಲಿ ಆರು ಜನ ಇದ್ದಾರೆ, ಹೆಸರು ಹೇಳು. ಹದಿನೆಂಟು ವರ್ಷ ಆ ಮನುಷ್ಯನ ಎದುರು ಸ್ಟೂಲಿನ ಮೇಲೆ ಕೂತು ಚಹಾ ಕುಡಿದಿದ್ದೆ. ಒಂದು ದಿನವೂ ಹೆಸರು ಕೇಳಿರಲಿಲ್ಲ. ಬಿಜಾಪುರದವನು, ಹಳೆಯ ಗಾಡಿ ನೋಡುವವನು ಎಂದು ತಡವರಿಸಿದೆ. ಮಾಲೀಕ ಒಳಗೆ ತಿರುಗಿ ಒಂದು ಹೆಸರು ಕೂಗಿದ.

"ಅರೆ ರಾಯರ! ಬರ್ರಿ ಬರ್ರಿ," ಎಂದು ಅವನು ಕೈ ಒರೆಸಿಕೊಳ್ಳುತ್ತಾ ಬಂದ. ಕೂದಲು ಬೆಳ್ಳಗಾಗಿತ್ತು. "ಗಾಡಿ ಹೆಂಗೈತ್ರಿ? ಎಣ್ಣಿ ಸೋರತೈತೇನು?"

"ಇಲ್ಲ."

"ಅವ್ವಾರು ಆರಾಮ ಅದಾರೇನ್ರಿ?"

"ಆರಾಮ." ಚಹಾ ತರಿಸಿದ. ನಾನು ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡೆ. "ನೋಡು, ನಾಲ್ಕು ವರ್ಷದ ಹಿಂದೆ..."

ಅವನು ಕೈ ಒರೆಸುವುದನ್ನು ನಿಲ್ಲಿಸಿದ. ಬಟ್ಟೆ ಕೈಯಲ್ಲೇ ಇತ್ತು. ನನ್ನನ್ನೇ ನೋಡುತ್ತಾ ಕಾದ.

"...ನಾಲ್ಕು ವರ್ಷದ ಹಿಂದೆ ನೀನು ಹಾಕಿದ ಚೈನು ಸದ್ದು ಮಾಡುತ್ತದೆ," ಎಂದೆ.

"ಚೈನ್ರೀ?"

"ಹೌದು. ಏನು ಕೆಲಸ ಮಾಡುತ್ತೀರೋ ಏನೋ ನೀವೆಲ್ಲ!" ಎಂದೂ ಸೇರಿಸಿದೆ.

ಅವನು ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಚೈನನ್ನು ತೊಳೆದು, ಎಣ್ಣೆ ಬಿಟ್ಟು, ಹದವಾಗಿ ಬಿಗಿದು, ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳಿದ. ಎದ್ದು ನಿಂತು ನನ್ನ ಮುಖವನ್ನು ನೋಡಿದ. "ಮತ್ತೇನರ ಐತೇನ್ರಿ ರಾಯರ?" ಎಂದ. ಅವಸರವಿಲ್ಲದೆ, ಬಾಗಿಲು ತೆರೆದು ಹಿಡಿದು ನಿಂತವರ ಹಾಗೆ ಕೇಳಿದ.

"ಇಲ್ಲ," ಎಂದೆ ನಾನು. ಮನೆಗೆ ಬಂದು ಬೆಲ್ ಒತ್ತಿದರೆ ಹೆಂಡತಿ "ಹೇಳಿದಿರಾ?" ಎಂದಳು. "ಚೈನು ಸರಿಮಾಡಿಸಿಕೊಂಡು ಬಂದೆ," ಎಂದೆ. ಅವಳು ಒಳಗೆ ಹೋದಳು. ಎಪ್ಪತ್ತು ದಾಟಿದರೂ ನನ್ನ ಬಾಯಿಗೆ ದೂರುವುದೊಂದೇ ಅಭ್ಯಾಸ. ಬೇರೆ ಮಾತು ಬಂದರೆ ಅದು ದಾರಿ ಬಿಡುವುದಿಲ್ಲ. ಅದಕ್ಕೇ ಕಾಗದದಲ್ಲಿ ಹೇಳುತ್ತಿದ್ದೇನೆ. ಆ ಗುಂಪಿನಲ್ಲಿ ನಾನು ಬರೆದದ್ದು ಪೂರ್ತಿ ಸುಳ್ಳು. ಪೈಪುಗಳಿಗೆ ಬಿರಡೆ ಹೊಡೆದವನು ನಾನು, ಎಂಜಿನ್ನು ಸುಟ್ಟವನು ನಾನು, ನಳಿಗೆ ಬದಲಿಸಿ ಕೂಗಾಡಿದವನೂ ನಾನು. ಮಿಸ್ತ್ರಿಯ ಕೆಲಸದಲ್ಲಿ ಒಂದು ಕೂದಲೆಳೆಯಷ್ಟು ದೋಷವಿರಲಿಲ್ಲ.

ಇದನ್ನೇ ಇನ್ನೊಮ್ಮೆ ಕಾಂದಿವಲಿಗೆ ಹೋಗಿ ಬಾಯಿಬಿಟ್ಟು ಹೇಳಬಾರದೇ ಎಂದು ನೀವು ಕೇಳಬಹುದು. ಹೋಗಲು ನನಗೂ ಮನಸ್ಸಿದೆ. ಆದರೆ ನೆಪವಿಲ್ಲದೆ ಹೋಗುವಷ್ಟು ದೊಡ್ಡ ಮನುಷ್ಯ ನಾನಲ್ಲ, ಗಾಡಿಯೋ ನನಗೆ ಒಂದು ನೆಪವನ್ನೂ ಕೊಡುತ್ತಿಲ್ಲ. ದಿನಾ ಬೆಳಿಗ್ಗೆ ಪಾರ್ಕಿಂಗಿಗೆ ಇಳಿದು ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳುತ್ತೇನೆ. ಒಂದು ತಿಂಗಳಾಯಿತು, ಚೈನು ಉಸಿರೆತ್ತುವುದಿಲ್ಲ. ಅಷ್ಟು ಚೆನ್ನಾಗಿ ಬಿಗಿದು ಕೊಟ್ಟಿದ್ದಾನೆ ಸಿದ್ರಾಮಪ್ಪ.